ನೋಟ ಪರರಿಚ್ಛೆ: ಸಂದರ್ಶನದ ಉಡುಪಿನ ಹಿಂದಿನ ಕಥೆ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದರ ಅರ್ಥ ನಿಜವಾಗಿ ನಾಟುವುದು ಉದ್ಯೋಗದ ಸಂದರ್ಶನಕ್ಕೆ ಹೊರಟವರಿಗೆ. ವರ್ಷಗಟ್ಟಲೆ ಓದಿ, ಲಿಖಿತ ಪರೀಕ್ಷೆಯನ್ನು ಗೆದ್ದವರು ಹಿಂದಿನ ರಾತ್ರಿ ಚಿಂತಿಸುವುದು ಅಂಗಿಯ ಬಗ್ಗೆ, ಬೂಟಿನ ಬಗ್ಗೆ. ಟೈ ಬೇಕೆ? ಗಡ್ಡ ಬೋಳಿಸಬೇಕೆ? ಸೀರೆಯೋ, ಸಲ್ವಾರ್ ಕಮೀಜೋ? ಇಲ್ಲಿ ನೆರೆದಿರುವ ಯುವಕ ಯುವತಿಯರಲ್ಲೂ ಅನೇಕರು ಇಂಥ ಪ್ರಶ್ನೆಗಳನ್ನು ಹೊತ್ತೇ ಬಂದಿರಬಹುದು. ಇವು ಕ್ಷುಲ್ಲಕ ಪ್ರಶ್ನೆಗಳೆಂದು ನಗುವಂತಿಲ್ಲ. ಅಧಿಕಾರದ ಮೇಜಿನ ಮುಂದೆ ಯಾರು ಏನನ್ನು ಧರಿಸಿ ನಿಲ್ಲಬೇಕು ಎಂಬುದಕ್ಕೆ ಈ ದೇಶದಲ್ಲಿ ಒಂದು ದೀರ್ಘ ಇತಿಹಾಸವೇ ಇದೆ.

ಭಾರತೀಯರ ಪದ್ಧತಿಯಲ್ಲಿ ಗೌರವವೆಂದರೆ ಪಾದರಕ್ಷೆ ಕಳಚುವುದು. ತಲೆಯ ಮೇಲೆ ಪೇಟ ಇರಲೇಬೇಕು. ಐರೋಪ್ಯರ ಪದ್ಧತಿ ಇದಕ್ಕೆ ತದ್ವಿರುದ್ಧ: ಹ್ಯಾಟು ತೆಗೆಯಬೇಕು, ಬೂಟು ಇರಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿಗಳು ದೇಶೀ ರಾಜರ ದರ್ಬಾರಿನಲ್ಲಿ ತಾವೇ ಬೂಟು ಕಳಚುತ್ತಿದ್ದರು. ಆಡಳಿತ ಬಲಿತಂತೆ ಲೆಕ್ಕ ತಿರುಗಿತು. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ (1848-56) ಸರ್ಕಾರಿ ಕಚೇರಿಗೆ ಬರುವ ಭಾರತೀಯರು ಪಾದರಕ್ಷೆ ಕಳಚಬೇಕೆಂಬ ನಿಯಮ ಬಿಗಿಯಾಯಿತು. ಐರೋಪ್ಯ ಉಡುಪು ತೊಟ್ಟವರಿಗೆ ಮಾತ್ರ ವಿನಾಯಿತಿ. ಕೋಟು ಬೂಟುಗಳಿಗೆ ಕಚೇರಿಯಲ್ಲಿ ದೊರೆತ ವಿಶೇಷ ಮರ್ಯಾದೆಯ ಒಂದು ಬೇರು ಇಲ್ಲಿದೆ.

ಇದನ್ನು ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. 1862ರಲ್ಲಿ ಸೂರತ್ತಿನ ನ್ಯಾಯಾಲಯದಲ್ಲಿ ಅಸೆಸರ್ ಆಗಿದ್ದ ಮಾಣೆಕ್‌ಜಿ ಕಾವಸ್‌ಜಿ ಎಂಟಿ ಎಂಬ ಪಾರಸಿ ಗೃಹಸ್ಥರು ಬೂಟು ಕಳಚಲು ನಿರಾಕರಿಸಿದರು. ಒಳಗೆ ಬಿಡದಿದ್ದಾಗ ಬೊಂಬಾಯಿಯ ಗವರ್ನರರಿಗೆ ಪ್ರತಿಭಟನೆಯ ಪತ್ರ ಬರೆದರು. 1874ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಕಟ್ಟಡದಲ್ಲಿದ್ದ ವಸ್ತುಸಂಗ್ರಹಾಲಯಕ್ಕೆ ಹೋದ ಈಶ್ವರಚಂದ್ರ ವಿದ್ಯಾಸಾಗರರನ್ನು ಅವರ ದೇಶೀ ಚಪ್ಪಲಿಯ ಕಾರಣದಿಂದ ತಡೆಯಲಾಯಿತು. ಇಂಗ್ಲಿಷ್ ಬೂಟು ತೊಟ್ಟ ಜೊತೆಗಾರರಿಗೆ ಅಡ್ಡಿ ಇರಲಿಲ್ಲ. ಆ ಮಹಾಪಂಡಿತರು ಚಪ್ಪಲಿ ಬಿಡದೆ, ಬಂದ ದಾರಿಯಲ್ಲೇ ಹಿಂದಿರುಗಿದರು. ಕಾಲಿನದು ಈ ಕಥೆಯಾದರೆ ತಲೆಯದು ಇನ್ನೊಂದು. 1893ರಲ್ಲಿ ಡರ್ಬನ್ನಿನ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟರು ಪೇಟ ತೆಗೆಯುವಂತೆ ಹೇಳಿದಾಗ, ತರುಣ ಬ್ಯಾರಿಸ್ಟರ್ ಗಾಂಧಿ ಅದನ್ನು ತೆಗೆಯಲೊಪ್ಪದೆ ಹೊರನಡೆದರು.

ಮೈಸೂರು ಸಂಸ್ಥಾನ ಈ ಇಕ್ಕಟ್ಟಿಗೆ ತನ್ನದೇ ಪರಿಹಾರ ಕಂಡುಕೊಂಡಿತ್ತು. ಮೈಮೇಲೆ ಕೋಟು, ತಲೆಯ ಮೇಲೆ ಮೈಸೂರು ಪೇಟ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಯಾವ ಭಾವಚಿತ್ರ ನೋಡಿದರೂ ಅಚ್ಚುಕಟ್ಟಾದ ಕೋಟು, ಟೈ ಮತ್ತು ಜರಿಯಂಚಿನ ಪೇಟ ಒಟ್ಟಿಗೇ ಕಾಣುತ್ತವೆ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದ ಡಾ. ಎಸ್. ರಾಧಾಕೃಷ್ಣನ್ ಅವರು ಮುಂದೆ ರಾಷ್ಟ್ರಪತಿಯಾದಾಗಲೂ ಪೇಟ ಮತ್ತು ಉದ್ದ ಕೋಟನ್ನು ಬಿಡಲಿಲ್ಲ. ಹೊಸ ಕಚೇರಿಯ ಶಿಸ್ತನ್ನು ಒಪ್ಪಿಯೂ ತಮ್ಮತನವನ್ನು ಉಳಿಸಿಕೊಂಡ ಬಗೆ ಇದು.

ಆದರೆ ತೊಡುವ ಹಕ್ಕೇ ಇಲ್ಲದವರ ಪಾಡೇನು? ಒಳ್ಳೆಯ ಬಟ್ಟೆ ಉಡುವುದನ್ನೂ ಮೆಟ್ಟು ಮೆಟ್ಟುವುದನ್ನೂ ಜಾತಿಯ ಕಟ್ಟಳೆ ಎಷ್ಟೋ ಜನರಿಗೆ ನಿಷೇಧಿಸಿತ್ತು. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆಯ ಮೇಲೆ ವಸ್ತ್ರ ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ಅದಕ್ಕೆ ಸರ್ಕಾರದ ಘೋಷಣೆ ಹೊರಟದ್ದು 1859ರಲ್ಲಿ. ಈ ಹಿನ್ನೆಲೆಯಲ್ಲಿ ಡಾ. ಅಂಬೇಡ್ಕರ್ ಅವರ ಸೂಟನ್ನು ನೋಡಬೇಕು. 1931ರ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಗಾಂಧೀಜಿ ತುಂಡುಪಂಚೆ ಮತ್ತು ಶಾಲಿನಲ್ಲಿ ಹೋದರು. ಅಂಬೇಡ್ಕರ್ ಸೂಟಿನಲ್ಲಿ ಹೋದರು. ಒಬ್ಬರು ಬಡವರ ಉಡುಪನ್ನು ಅರಮನೆಯವರೆಗೆ ಒಯ್ದರು. ಇನ್ನೊಬ್ಬರು, ಯಾರಿಗೆ ಒಳ್ಳೆಯ ಉಡುಪು ಸಲ್ಲದು ಎನ್ನಲಾಗಿತ್ತೋ ಅವರಿಗೂ ಅದು ಸಲ್ಲುತ್ತದೆ ಎಂದು ತೋರಿಸಿದರು. ಉಡುಪು ಮಾತಾಡುತ್ತದೆ ಎಂಬುದನ್ನು ಇಬ್ಬರೂ ಬಲ್ಲವರಾಗಿದ್ದರು.

ಈ ಮಾತನ್ನು ನೋಡುವವರ ಕಣ್ಣು ಎಷ್ಟು ಬೇಗ ಕೇಳಿಸಿಕೊಳ್ಳುತ್ತದೆ? ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದೇ ಮುಖಕ್ಕೆ ತುಸು 'ಸಿರಿವಂತ'ವಾಗಿ ಕಾಣುವ ಅಂಗಿ ತೊಡಿಸಿದಾಗ, ಆ ವ್ಯಕ್ತಿ ಹೆಚ್ಚು ಸಮರ್ಥನೆಂದು ನೋಡುಗರು ಎಣಿಸಿದರು. ಚಿತ್ರವನ್ನು ಕೇವಲ 129 ಮಿಲಿಸೆಕೆಂಡು ತೋರಿಸಿದಾಗಲೂ ಹಾಗೆಯೇ ಆಯಿತು. ಬಟ್ಟೆಯನ್ನು ಗಮನಿಸಬೇಡಿ ಎಂದು ಮೊದಲೇ ಎಚ್ಚರಿಸಿದರೂ ಪೂರ್ವಗ್ರಹ ಹೋಗಲಿಲ್ಲ. ಬಡತನದಿಂದ ಬಂದ ಅಭ್ಯರ್ಥಿ ಬಾಯಿ ತೆರೆಯುವ ಮೊದಲೇ ಕೆಲವು ಅಂಕ ಕಳೆದುಕೊಂಡಿರಬಹುದು ಎಂದು ಇದರರ್ಥ.

ಕಾನೂನು ಈ ಅಪಾಯವನ್ನು ಬೇರೊಂದು ದಿಕ್ಕಿನಿಂದ ತಡೆದಿದೆ. ಸಂದರ್ಶನಕ್ಕೆ ಅತಿಯಾದ ಅಂಕ ಇಟ್ಟರೆ ಮನಬಂದಂತೆ ಆಯ್ಕೆ ಮಾಡಲು ದಾರಿಯಾಗುತ್ತದೆಂದು ಸುಪ್ರೀಂ ಕೋರ್ಟು ಹಲವು ತೀರ್ಪುಗಳಲ್ಲಿ ಎಚ್ಚರಿಸಿದೆ. 1985ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಅಲ್ಲಿನ ನಾಗರಿಕ ಸೇವೆಯ ಸಾಮಾನ್ಯ ಅಭ್ಯರ್ಥಿಗಳ ಸಂದರ್ಶನದ ಅಂಕ ಶೇ. 12.2ನ್ನು ಮೀರಬಾರದೆಂದಿತು. 2016ರ ಜನವರಿಯಿಂದ ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಡಲಾಯಿತು. ಆದರೆ ಮೇಲಿನ ಹುದ್ದೆಗಳಲ್ಲಿ, ಖಾಸಗಿ ಕಂಪನಿಗಳಲ್ಲಿ ಮೇಜಿನ ಮುಂದೆ ಕೂರುವುದು ತಪ್ಪಿಲ್ಲ.

ಹಾಗಾದರೆ ಅಭ್ಯರ್ಥಿಯ ಕೈಯಲ್ಲಿರುವುದೇನು? ಬೆಲೆಯಲ್ಲ, ಒಪ್ಪ. ಒಗೆದು ಇಸ್ತ್ರಿ ಮಾಡಿದ ತಿಳಿಬಣ್ಣದ ಹತ್ತಿ ಅಂಗಿ, ಮೈಗೆ ಹೊಂದುವ ಪ್ಯಾಂಟು, ಪಾಲಿಶ್ ಕಂಡ ಬೂಟು, ಕತ್ತರಿಸಿದ ಉಗುರು, ಬಾಚಿದ ತಲೆ. ಗಡ್ಡ ಇದ್ದರೆ ಅದು ಬಿಟ್ಟದ್ದೆಂದು ಕಾಣಬೇಕು, ಬೆಳೆದುಬಿಟ್ಟದ್ದೆಂದಲ್ಲ. ಸಾಲ ತಂದ ಕೋಟಿನ ಭುಜ ಜಾರುತ್ತಿದ್ದರೆ ಅದು ಇಲ್ಲದಿರುವುದೇ ಲೇಸು. ಹೊಸ ಬೂಟನ್ನು ನಾಲ್ಕು ದಿನ ಮೊದಲೇ ಮೆಟ್ಟಿ ನಡೆದಿರಬೇಕು. ಕಚ್ಚುವ ಬೂಟು ಉತ್ತರವನ್ನೂ ಕುಂಟಿಸುತ್ತದೆ. ಹೆಣ್ಣುಮಕ್ಕಳು ಸೀರೆ ಉಟ್ಟರೂ ಸರಿ, ಸಲ್ವಾರ್ ತೊಟ್ಟರೂ ಸರಿ. ಎದ್ದು ಕೂರುವಾಗ ಮತ್ತೆ ಮತ್ತೆ ಸರಿಪಡಿಸಿಕೊಳ್ಳಬೇಕಾಗದ್ದು ಆಗಿರಲಿ. ತೀಕ್ಷ್ಣ ಸುಗಂಧವಾಗಲಿ ಸದ್ದು ಮಾಡುವ ಬಳೆಯಾಗಲಿ ಬೇಡ. ಇದೆಲ್ಲದರ ಗುರಿ ಒಂದೇ: ಮೊದಲ ನೋಟ ಮುಗಿದ ಮೇಲೆ ಉಡುಪು ಮರೆತುಹೋಗಿ, ಮಾತು ಮಾತ್ರ ಉಳಿಯಬೇಕು.

ಇಷ್ಟು ಮಾಡುವುದು ಅಭ್ಯರ್ಥಿಯ ಹೊಣೆ. ಮೇಜಿನ ಆಚೆ ಕುಳಿತವರಿಗೂ ಒಂದು ಹೊಣೆ ಇದೆ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲೊಂದಕ್ಕೆ ಮಗನೊಡನೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬಾಗಿಲಲ್ಲೇ ತಡೆಯಲಾಯಿತು. ನಾಡಿನಾದ್ಯಂತ ಆಕ್ರೋಶ ಎದ್ದಿತು. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸದನದಲ್ಲಿ ಪ್ರಕಟಿಸಿತು. ವಿದ್ಯಾಸಾಗರರು ಹಿಂದಿರುಗಿ 150 ವರ್ಷಗಳಾದ ಮೇಲೂ ಬಾಗಿಲು ಕಾಯುವವರ ಕಣ್ಣು ಬದಲಾಗಿರಲಿಲ್ಲ. ಅಂಥ ರೈತರ ಮಕ್ಕಳೇ ಇಂದು ಸಂದರ್ಶನದ ಕೊಠಡಿಯ ಹೊರಗೆ ಕಾಯುತ್ತಿದ್ದಾರೆ. ಒಳಗೆ ಕುಳಿತವರು ಅವರ ಬೂಟನ್ನು ಒಮ್ಮೆ ನೋಡಲಿ, ತಪ್ಪಿಲ್ಲ. ಆಮೇಲೆ ತಲೆಯೆತ್ತಿ ಅವರ ಮಾತು ಕೇಳಲಿ.