ಮದ್ದಿಗೆ ಜಗ್ಗದ ರೋಗಾಣುಗಳು

(ಔಷಧಗಳ ಸರಿಯಾದ ಬಳಕೆಯ ಬಗ್ಗೆ ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ನಡೆಯುವ ವಿಶ್ವ ಜಾಗೃತಿ ಸಪ್ತಾಹದ ಅಂಗವಾಗಿ, ಗ್ರಾಮಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮಾಡಿದ ಭಾಷಣ.)



ರಾಗಿ ಕೊಯ್ಲಿನ ಈ ದಿನಗಳಲ್ಲಿ ಕೆಲಸ ಬಿಟ್ಟು ಬಂದಿದ್ದೀರಿ. ನಿಮ್ಮ ಹೊತ್ತನ್ನು ಹೆಚ್ಚು ತೆಗೆದುಕೊಳ್ಳುವುದಿಲ್ಲ. ಒಂದೇ ವಿಷಯವನ್ನು ಹೇಳಬೇಕೆಂದಿದ್ದೇನೆ. ನಮ್ಮ ಒಳ್ಳೆಯ ಔಷಧಗಳು ನಮ್ಮ ಕೈಯಿಂದಲೇ ಸತ್ವ ಕಳೆದುಕೊಳ್ಳುತ್ತಿವೆ. ಅವನ್ನು ಉಳಿಸಿಕೊಳ್ಳುವ ಉಪಾಯವೂ ಬಹಳಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಆಂಟಿಬಯಾಟಿಕ್ ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ದೇಹವನ್ನು ಹೊಕ್ಕ ಬ್ಯಾಕ್ಟೀರಿಯ ಎಂಬ ರೋಗಾಣುಗಳನ್ನು ಕೊಲ್ಲುವ ಅಥವಾ ಬೆಳೆಯದಂತೆ ತಡೆಯುವ ಮದ್ದು ಅದು. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಒಂದು ಬಗೆಯ ಬೂಷ್ಟಿನಲ್ಲಿ ಪೆನಿಸಿಲಿನ್ನನ್ನು ಕಂಡರು. ನಮ್ಮ ದೇಶದಲ್ಲೇ ಇಂಥ ಮದ್ದು ತಯಾರಿಸಲು 1954ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಯಿತು. ಬಾಣಂತಿಯ ನಂಜು, ಹಸುಗೂಸಿನ ನಂಜು, ನ್ಯುಮೋನಿಯ, ಕ್ಷಯ, ಇವುಗಳಿಂದ ಲೆಕ್ಕವಿಲ್ಲದಷ್ಟು ಜನರನ್ನು ಈ ಔಷಧಗಳು ಉಳಿಸಿವೆ. ಇವಿಲ್ಲದಿದ್ದರೆ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಹೆರಿಗೆಗೂ ವೈದ್ಯರು ಹೆದರಬೇಕಾಗುತ್ತದೆ.

ಈಗ ಇವು ಹೇಗೆ ಸತ್ವ ಕಳೆದುಕೊಳ್ಳುತ್ತವೆ ಎಂಬುದನ್ನು ನೋಡೋಣ. ಹತ್ತಿ ಬೆಳೆದವರಿಗೆ ಇದು ಹೊಸ ಮಾತಲ್ಲ. ಒಂದೇ ಔಷಧವನ್ನು ಮೇಲಿಂದ ಮೇಲೆ ಸಿಂಪಡಿಸಿದರೆ ಮೊದಲು ಹುಳು ಸಾಯುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದೇ ಔಷಧಕ್ಕೆ ಕಾಯಿಕೊರಕ ಜಗ್ಗುವುದಿಲ್ಲ. ಸಾವಿರ ಹುಳುಗಳಲ್ಲಿ ಗಟ್ಟಿಯಾದ ಎಲ್ಲೋ ಒಂದೆರಡು ಬದುಕಿಕೊಳ್ಳುತ್ತವೆ. ಅವುಗಳ ಸಂತತಿಯೇ ಮುಂದೆ ಹೊಲವನ್ನು ತುಂಬುತ್ತದೆ. ರೋಗಾಣುಗಳ ಕಥೆಯೂ ಇದೇ. ಆದರೆ ಹುಳುವಿಗೆ ಒಂದು ತಲೆಮಾರಿಗೆ ವಾರಗಳು ಬೇಕು; ಕೆಲವು ರೋಗಾಣುಗಳು ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತವೆ. ಅಷ್ಟೇ ಅಲ್ಲ, ಮದ್ದನ್ನು ಎದುರಿಸುವ ಗುಣವನ್ನು ಒಂದು ರೋಗಾಣು ಪಕ್ಕದ ಇನ್ನೊಂದಕ್ಕೆ ದಾಟಿಸಲೂ ಬಲ್ಲದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. “ನನ್ನ ಮೈಗೆ ಆ ಮಾತ್ರೆ ಒಗ್ಗಿಹೋಗಿದೆ, ಈಗ ನಾಟುವುದಿಲ್ಲ” ಎಂದು ಕೆಲವರು ಹೇಳುವುದುಂಟು. ಒಗ್ಗಿದ್ದು ಮೈಗಲ್ಲ, ರೋಗಾಣುವಿಗೆ. ಆ ರೋಗಾಣು ಒಬ್ಬರಲ್ಲೇ ಉಳಿಯುವುದಿಲ್ಲ; ನೀರು, ಗಾಳಿ, ಕೈಗಳ ಮೂಲಕ ಇನ್ನೊಬ್ಬರಿಗೆ ಹೋಗುತ್ತದೆ. ಹುಟ್ಟಿದಂದಿನಿಂದ ಒಂದು ಮಾತ್ರೆಯನ್ನೂ ನುಂಗದ ಕೂಸಿಗೂ ಮದ್ದಿಗೆ ಜಗ್ಗದ ರೋಗ ಬರಬಹುದು.

ವಿಷಮಶೀತಜ್ವರದ ಉದಾಹರಣೆ ಕೊಡುತ್ತೇನೆ. ಟೈಫಾಯಿಡ್ ಎಂದು ನೀವು ಕರೆಯುವುದು ಇದನ್ನೇ. ಮದ್ದಿಲ್ಲದ ಕಾಲದಲ್ಲಿ ಇದು ಮೂರು ನಾಲ್ಕು ವಾರ ಕಾಡುತ್ತಿತ್ತು. 100 ರೋಗಿಗಳಲ್ಲಿ 10ರಿಂದ 20 ಮಂದಿ ಸಾಯುತ್ತಿದ್ದರು. 1948ರಲ್ಲಿ ಕ್ಲೋರಂಫೆನಿಕಾಲ್ ಎಂಬ ಮದ್ದು ಬಂದ ಮೇಲೆ ಜನ ನಿಟ್ಟುಸಿರು ಬಿಟ್ಟರು. ಆದರೆ 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಆ ಮದ್ದಿಗೆ ಜಗ್ಗದ ಟೈಫಾಯಿಡ್ ಕಾಣಿಸಿಕೊಂಡಿತು. ಅದೇ ವರ್ಷ ದೂರದ ಮೆಕ್ಸಿಕೊ ದೇಶದಲ್ಲಿಯೂ ಹಾಗೆಯೇ ಆಯಿತು. 1990ರ ಹೊತ್ತಿಗೆ ಒಟ್ಟಿಗೆ ಮೂರು ಹಳೆಯ ಮದ್ದುಗಳಿಗೆ ಜಗ್ಗದ ರೋಗಾಣುಗಳು ನಮ್ಮ ದೇಶದಲ್ಲಿ ಹರಡಿದವು. ಆಗ ಸಿಪ್ರೊಫ್ಲಾಕ್ಸಾಸಿನ್ ಕೈಹಿಡಿಯಿತು. ಮುಂದೆ ಅದೂ ಬಲ ಕುಂದಿತು. ಈಗ ವೈದ್ಯರು ಮುಖ್ಯವಾಗಿ ನಂಬಿರುವುದು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನು ಮತ್ತು ಅಜಿತ್ರೊಮೈಸಿನ್ ಮಾತ್ರೆಯನ್ನು. ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ 2016ರಿಂದ ಆ ಚುಚ್ಚುಮದ್ದಿಗೂ ಬಗ್ಗದ ಟೈಫಾಯಿಡ್ ಹಬ್ಬಿತು. ಅಲ್ಲಿ ಬಾಯಲ್ಲಿ ನುಂಗುವ ಮದ್ದೆಂದರೆ ಉಳಿದದ್ದು ಅಜಿತ್ರೊಮೈಸಿನ್ ಒಂದೇ.

ಆ ಕೊನೆಯ ಮಾತ್ರೆಯನ್ನು ನಾವು ಏತಕ್ಕೆ ನುಂಗುತ್ತಿದ್ದೇವೆ? ನೆಗಡಿಗೆ, ಗಂಟಲು ಕೆರೆತಕ್ಕೆ, ಕೆಮ್ಮಿಗೆ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ಚಾಕೊಲೇಟಿನಂತೆ ಹಂಚಿಕೊಂಡು ತಿಂದದ್ದು ನಿಮಗೆ ನೆನಪಿರಬಹುದು. ನೆಗಡಿ, ಫ್ಲೂ, ಕೋವಿಡ್, ಡೆಂಗಿ ಇವು ವೈರಸ್ಸಿನಿಂದ ಬರುವ ರೋಗಗಳು. ಆಂಟಿಬಯಾಟಿಕ್ ಮದ್ದು ವೈರಸ್ಸನ್ನು ಏನೂ ಮಾಡಲಾರದು.

“ಮಾತ್ರೆ ನುಂಗಿದೆ, ಮೂರನೆಯ ದಿನ ಜ್ವರ ಬಿಟ್ಟಿತಲ್ಲ?” ಎಂದು ನೀವು ಕೇಳಬಹುದು. ಸಾಮಾನ್ಯವಾದ ನೆಗಡಿ ಜ್ವರ ಮೂರು ನಾಲ್ಕು ದಿನಕ್ಕೆ ತಾನಾಗಿಯೇ ಬಿಡುತ್ತದೆ. ವಾಸಿ ಮಾಡಿದ್ದು ನಿಮ್ಮ ಮೈಯ ಶಕ್ತಿ. ಹೆಸರು ಬಂದದ್ದು ಮಾತ್ರೆಗೆ.

ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚೂ ಬೀಳುತ್ತದೆ. ಆದ್ದರಿಂದ ಅಂಗಡಿಯಲ್ಲೇ ಎರಡು ಮಾತ್ರೆ ಕೊಳ್ಳುತ್ತೇವೆ ಎಂಬ ಮಾತು ಸುಳ್ಳಲ್ಲ. ಅದಕ್ಕಾಗಿ ನಿಮ್ಮನ್ನು ನಾನು ಬೈಯುವುದಿಲ್ಲ. ಆದರೆ ಹಾಗೆ ಕೊಂಡ ಎರಡು ಮಾತ್ರೆ, ರೋಗ ಬೇರೆಯಾಗಿದ್ದರೆ ದಂಡ. ರೋಗ ಅದೇ ಆಗಿದ್ದರೆ ಸಾಲದು. ಎರಡು ರೀತಿಯಿಂದಲೂ ನಷ್ಟವೇ. ಊರಿನ ಆಶಾ ಕಾರ್ಯಕರ್ತೆಯನ್ನು ಮೊದಲು ಕೇಳಿರಿ. ಆಸ್ಪತ್ರೆಗೆ ಹೋಗಬೇಕೇ, ಮನೆಯಲ್ಲೇ ಆರೈಕೆ ಸಾಕೇ ಎಂಬುದನ್ನು ಆಕೆ ತಿಳಿಸಬಲ್ಲಳು.

ಕ್ಷಯರೋಗದಲ್ಲಂತೂ ಅರ್ಧ ಚಿಕಿತ್ಸೆ ಬಹಳ ಅಪಾಯ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಮದ್ದನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಎರಡು ತಿಂಗಳಿಗೆ ಕೆಮ್ಮು ನಿಂತು, ಹಸಿವು ಹೆಚ್ಚಿ, ಮೈ ತುಂಬಿಕೊಳ್ಳುತ್ತದೆ. ಗುಣವಾಯಿತೆಂದು ರೋಗಿ ಮದ್ದು ಬಿಡುತ್ತಾನೆ. ಉಳಿದ ಗಟ್ಟಿ ರೋಗಾಣು ಮತ್ತೆ ಬೆಳೆಯುತ್ತದೆ. ಮನೆಯ ಮಕ್ಕಳಿಗೆ ತಗಲಿದರೆ ಅವರಿಗೂ ಮೊದಲಿನ ಮದ್ದು ನಾಟದೆ ಹೋಗಬಹುದು.

ಹಟ್ಟಿಯ ಮಾತನ್ನೂ ಹೇಳಬೇಕು. ಹಸುವಿಗೆ ಕೆಚ್ಚಲು ಬಾವು ಬಂದಾಗ ಕೊಡುವುದೂ ಇದೇ ಜಾತಿಯ ಮದ್ದು. ಮದ್ದು ಕೊಟ್ಟ ಮೇಲೆ ಅದರ ಅಂಶ ಕೆಲವು ದಿನ ಹಾಲಿನಲ್ಲಿ ಇಳಿಯುತ್ತದೆ. ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರದಿರುವುದನ್ನು ತಾಯಂದಿರು ನೋಡಿರಬಹುದು. ಹಾಲನ್ನು ಮೊಸರು ಮಾಡುವ ಒಳ್ಳೆಯ ಜೀವಾಣುಗಳನ್ನೂ ಆ ಮದ್ದು ಬಿಡುವುದಿಲ್ಲ. ಕೋಳಿ ಬೇಗ ಬೆಳೆಯಲೆಂದು ಮೇವಿನಲ್ಲಿ ಮದ್ದು ಬೆರೆಸುವುದೂ ಇಂಥದೇ ತಪ್ಪು. ಮನುಷ್ಯರಿಗೆ ಕಡೆಗಾಲದ ಮದ್ದಾದ ಕೊಲಿಸ್ಟಿನ್ನನ್ನು ಕೋಳಿ, ದನ, ಮೀನುಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿತು.

ಇದು ನಮ್ಮ ಊರಿನ ಅಥವಾ ನಮ್ಮ ದೇಶದ ಕಷ್ಟ ಮಾತ್ರವಲ್ಲ. ಮದ್ದಿಗೆ ಜಗ್ಗದ ರೋಗಾಣುಗಳಿಂದಲೇ 2019ರಲ್ಲಿ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಈ ಅಪಾಯವನ್ನು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರೇ 1945ರಲ್ಲಿ, ನೊಬೆಲ್ ಬಹುಮಾನ ಪಡೆದಾಗ ಮಾಡಿದ ಭಾಷಣದಲ್ಲಿ ಎಚ್ಚರಿಸಿದ್ದರು.

ಹಾಗಾದರೆ ನಾವು ಮಾಡಬೇಕಾದದ್ದೇನು?

1. ವೈದ್ಯರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಳ್ಳಬಾರದು. ಮಾತ್ರೆಯ ಶೀಟಿನ ಮೇಲೆ ಉದ್ದನೆಯ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಳ್ಳಕೂಡದ ಮದ್ದು. ಓದಲು ಬಾರದವರೂ ಈ ಗುರುತನ್ನು ತಿಳಿಯಬಹುದು.

2. ವೈದ್ಯರು ಹೇಳಿದಷ್ಟು ಹೊತ್ತು, ಹೇಳಿದಷ್ಟು ದಿನ ನುಂಗಬೇಕು. ಕಡಿಮೆಯೂ ಬೇಡ, ಹೆಚ್ಚೂ ಬೇಡ. ವೈದ್ಯರು ಮಾತ್ರೆ ಬೇಡವೆಂದರೆ, “ಒಂದು ಸೂಜಿಯಾದರೂ ಹಾಕಿ” ಎಂದು ಒತ್ತಾಯ ಮಾಡಬಾರದು.

3. ಉಳಿದ ಮಾತ್ರೆಯನ್ನು ನೆರೆಮನೆಯವರಿಗೆ ಕೊಡಬಾರದು. ಕೆರೆಗೆ, ತಿಪ್ಪೆಗೆ ಎಸೆಯಲೂಬಾರದು.

4. ಮಕ್ಕಳಿಗೆ ನೀರಿನಂತೆ ಭೇದಿಯಾದರೆ ಮೊದಲು ಓ.ಆರ್.ಎಸ್. ಕುಡಿಸಬೇಕು. ಭೇದಿಯಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಉಸಿರಾಟ ಕಷ್ಟವಾದರೆ, ಜ್ವರ ಬಿಡದಿದ್ದರೆ ತಡಮಾಡದೆ ಆಸ್ಪತ್ರೆಗೆ ತರಬೇಕು.

5. ದನಕರುಗಳಿಗೆ ಪಶುವೈದ್ಯರನ್ನು ಕೇಳಿಯೇ ಮದ್ದು ಕೊಡಬೇಕು. ಅವರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೆ ಬಳಸಬಾರದು, ಡೇರಿಗೂ ಹಾಕಬಾರದು.

6. ಎಲ್ಲಕ್ಕಿಂತ ಮೇಲಾಗಿ, ರೋಗವೇ ಬಾರದಂತೆ ನೋಡಿಕೊಳ್ಳಬೇಕು. ಕಾಯಿಸಿ ಆರಿಸಿದ ನೀರು, ಶೌಚಾಲಯದ ಬಳಕೆ, ಸಾಬೂನಿನಿಂದ ಕೈತೊಳೆಯುವುದು, ಮಕ್ಕಳಿಗೆ ಕಾಲಕಾಲಕ್ಕೆ ಲಸಿಕೆ. ಪಂಚಾಯತಿಯವರು ಕುಡಿಯುವ ನೀರಿನ ಟ್ಯಾಂಕನ್ನು ತಪ್ಪದೆ ತೊಳೆಸಿ ಕ್ಲೋರಿನ್ ಹಾಕಿಸಬೇಕು. ಟೈಫಾಯಿಡ್ ರೋಗಾಣು ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಬರುವಂಥದು. ನೀರು ಶುದ್ಧವಾದ ಊರಿನಲ್ಲಿ ಅದಕ್ಕೆ ಮದ್ದು ಹುಡುಕುವ ಪ್ರಮೇಯವೇ ಕಡಿಮೆ.

ನಿರಾಶರಾಗಬೇಕಾಗಿಲ್ಲ. ಟೈಫಾಯಿಡಿಗೆ ಕ್ಲೋರಂಫೆನಿಕಾಲನ್ನು ಬಳಸುವುದು ಬಹುಮಟ್ಟಿಗೆ ನಿಂತುಹೋದ ಮೇಲೆ, ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದ ಅನೇಕ ಕಡೆ ಆ ರೋಗಾಣುಗಳು ಮತ್ತೆ ಆ ಹಳೆಯ ಮದ್ದಿಗೆ ಬಗ್ಗುತ್ತಿರುವುದು ಕಂಡುಬಂದಿದೆ. ಎಲ್ಲ ಮದ್ದುಗಳೂ ಹೀಗೆ ಹಿಂದಿರುಗುತ್ತವೆಂದು ನಂಬಿ ಕೂರುವಂತಿಲ್ಲ. ಆದರೆ ಹಿತಮಿತವಾಗಿ ಬಳಸಿದರೆ ಮದ್ದು ಬಾಳುತ್ತದೆಂಬುದಕ್ಕೆ ಇದು ಸಾಕ್ಷಿ.

ಕೆರೆಯ ನೀರು ಊರಿಗೆಲ್ಲ ಸೇರಿದ್ದು. ತನ್ನ ಗದ್ದೆಯೊಂದಕ್ಕೇ ತೂಬು ತೆರೆದಿಟ್ಟವನನ್ನು ಊರು ಕೇಳದೆ ಬಿಡುವುದಿಲ್ಲ. ಈ ಮದ್ದುಗಳೂ ಹಾಗೆಯೇ ಎಲ್ಲರ ಸೊತ್ತು. ನಾವಿಂದು ನೆಗಡಿಗೆ ನುಂಗುವ ಮಾತ್ರೆ, ನಾಳೆ ಯಾವುದೋ ಮನೆಯ ಬಾಣಂತಿಗೋ ಕೂಸಿಗೋ ಬೇಕಾದ ಮಾತ್ರೆ. ಈ ಆರು ಮಾತುಗಳನ್ನು ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ, ಡೇರಿಯ ಮುಂದೆ, ಶಾಲೆಯಲ್ಲಿ ಎಲ್ಲರಿಗೂ ತಿಳಿಸಬೇಕೆಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.