ಓದಿನ ಸವಾಲು, ಊರಿನ ಕಪಾಟು

ಈಚೆಗೆ ಕೆಲವು ಕಾಲೇಜು ಗ್ರಂಥಾಲಯಗಳು ಓದಿನ ಸವಾಲು ಹಾಕುತ್ತಿವೆ: ವರ್ಷದಲ್ಲಿ ಇಷ್ಟು ಪುಸ್ತಕ ಓದಿದವರಿಗೆ ಬಹುಮಾನ. ಒಳ್ಳೆಯದೇ. ಆದರೆ ಬರೀ ಲೆಕ್ಕ ಇಟ್ಟರೆ ಮಕ್ಕಳು ತೆಳ್ಳನೆಯ ಪುಸ್ತಕಗಳನ್ನೇ ಹುಡುಕುತ್ತಾರೆ. ನಾನಾದರೂ ಹಾಗೆಯೇ ಮಾಡುತ್ತಿದ್ದೆ!

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಕಾಲೇಜುಗಳು ಸವಾಲನ್ನು ಊರಿನಿಂದಲೇ ಶುರುಮಾಡಬಹುದು. ಕಡೂರು ತಾಲ್ಲೂಕಿನ ದೇವನೂರು 'ಜೈಮಿನಿ ಭಾರತ'ದ ಕವಿ ಲಕ್ಷ್ಮೀಶನ ಊರು. ವಾರ್ಧಕ ಷಟ್ಪದಿಯ ಆ ಕಾವ್ಯವನ್ನು ಕಾವ್ಯವಾಚನ ಮಾಡುವ ಗಮಕಿಗಳು ಇಂದಿಗೂ ಹಾಡುತ್ತಾರೆ. ಇಡೀ ಗ್ರಂಥ ಬೇಡ, ಚಂದ್ರಹಾಸನ ಕಥೆಯಷ್ಟನ್ನು ಗಟ್ಟಿಯಾಗಿ ಓದಲಿ. ಅಜ್ಜಂಪುರವನ್ನು ಹೆಸರಲ್ಲೇ ಹೊತ್ತ ಕಥೆಗಾರ ಅಜ್ಜಂಪುರ ಸೀತಾರಾಂ, ಅಂದರೆ ನಮ್ಮ 'ಆನಂದ'. ಅವರ 'ನಾನು ಕೊಂದ ಹುಡುಗಿ' ಕಥೆ ಒಂದೇ ಪಟ್ಟಿಗೆ ಮುಗಿಯುತ್ತದೆ, ಆದರೆ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುವ ಪದ್ಧತಿಯ ಬಗ್ಗೆ ಅದು ಎಬ್ಬಿಸುವ ಪ್ರಶ್ನೆ ಬೇಗ ಮುಗಿಯುವುದಿಲ್ಲ. ತರೀಕೆರೆ ಸೀಮೆಯವರೇ ಆದ ರಹಮತ್ ತರೀಕೆರೆ ತಮ್ಮ ವಿಮರ್ಶಾ ಕೃತಿ 'ಕತ್ತಿಯಂಚಿನ ದಾರಿ'ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ವಿಮರ್ಶೆ ಕಷ್ಟವೆನಿಸಿದರೆ ಅವರ ತಿರುಗಾಟದ ಬರಹಗಳಿವೆ.

ಆದರೆ ಸವಾಲು ನಡೆಯಬೇಕಾದರೆ ಪುಸ್ತಕ ಕೈಗೆ ಸಿಗಬೇಕು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗೆ ಎನ್ನುವುದು. ಬೀಗ ಹಾಕಿದ ಕಪಾಟು ಇನ್ನೂ ಇರುವ ಕಾಲೇಜುಗಳು ಇದನ್ನು ನೆನೆಯಬೇಕು.

ವಿದ್ಯಾರ್ಥಿಗಳೇ, ನಿಮ್ಮ ಕಾಲೇಜಿನಲ್ಲಿ ಇಂಥ ಸವಾಲು ಇಲ್ಲದಿದ್ದರೆ ಇಂದೇ ಗ್ರಂಥಪಾಲಕರನ್ನು ಕೇಳಿ.