ರೇಸ್ ಸೈಕಲ್ ಕೊಳ್ಳುವ ಮುನ್ನ



ಕೆಳಕ್ಕೆ ಬಾಗಿದ ಹ್ಯಾಂಡಲ್, ಸಪೂರ ಟಯರು, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರವಾದ ಮೈ. ಇಂಥ ಸೈಕಲ್ಲನ್ನು ಅಂಗಡಿಯವರು ‘ರೋಡ್ ಬೈಕ್’ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಅದು ರೇಸ್ ಸೈಕಲ್. ವಿಜಯಪುರ, ಬಾಗಲಕೋಟೆ ಕಡೆಯ ನಿಮ್ಮ ವಯಸ್ಸಿನ ಅನೇಕರು ಇದರ ಮೇಲೆಯೇ ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗಿದ್ದಾರೆ. ನಿಮ್ಮಲ್ಲಿ ಕೆಲವರಿಗೂ ಆ ಆಸೆ ಇರಬಹುದು. ಆದರೆ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎಷ್ಟೋ ಮನೆಗಳಲ್ಲಿ ಅದು ಒಂದೆರಡು ತಿಂಗಳ ಸಂಬಳಕ್ಕೆ ಸಮ. ಹೀಗಾಗಿ ಆಯ್ಕೆ ತಪ್ಪಿದರೆ ಮತ್ತೊಂದು ಕೊಳ್ಳುವ ಮಾತೇ ಇರುವುದಿಲ್ಲ.

ಅಂಗಡಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ‘ಇದು ಸ್ಟೀಲೋ, ಅಲ್ಯೂಮಿನಿಯಮೋ, ಕಾರ್ಬನ್ನೋ?’ ಕೇಳಬೇಕಾದ ಪ್ರಶ್ನೆಯೇ ಹೌದು. ಆದರೆ ಅದರ ಉತ್ತರ ನಾವು ತಿಳಿದುಕೊಂಡಷ್ಟು ಸಂಗತಿಯನ್ನು ಹೇಳುವುದಿಲ್ಲ. ಹೇಗೆಂದು ನೋಡೋಣ.

ಪಿ.ಯು.ಸಿ.ಯಲ್ಲಿ ಭೌತವಿಜ್ಞಾನ ಓದಿದವರಿಗೆ ಯಂಗ್ ಗುಣಾಂಕ ನೆನಪಿರಬಹುದು. ಒಂದು ವಸ್ತು ಎಳೆತಕ್ಕೆ, ಬಾಗಿಸುವಿಕೆಗೆ ಎಷ್ಟು ಜಗ್ಗುವುದಿಲ್ಲ ಎಂಬುದರ ಅಳತೆ ಅದು. ಉಕ್ಕಿಗೆ ಇದು ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂಗೆ 110, ಅಲ್ಯೂಮಿನಿಯಂಗೆ 69. ಇನ್ನು ಸಾಂದ್ರತೆ: ಘನ ಸೆಂಟಿಮೀಟರಿಗೆ ಉಕ್ಕು 7.85 ಗ್ರಾಂ, ಟೈಟಾನಿಯಂ 4.5, ಅಲ್ಯೂಮಿನಿಯಂ 2.7. ಈಗ ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿ. ಮೂರೂ ಲೋಹಗಳಿಗೆ ಉತ್ತರ 25ರ ಆಸುಪಾಸಿನಲ್ಲೇ ಬರುತ್ತದೆ! ಅಂದರೆ ತೂಕಕ್ಕೆ ತಕ್ಕ ಬಿಗಿತದಲ್ಲಿ ಈ ಮೂರರ ನಡುವೆ ಹೇಳಿಕೊಳ್ಳುವಂಥ ಅಂತರವೇ ಇಲ್ಲ. ಹಾಗಾದರೆ ಅಲ್ಯೂಮಿನಿಯಂ ಸೈಕಲ್ ಹಗುರವಾಗುವುದು ಹೇಗೆ?

ಗುಟ್ಟು ಇರುವುದು ಕೊಳವೆಯ ವ್ಯಾಸದಲ್ಲಿ. ನೋಟ್‌ಬುಕ್ಕಿನ ಒಂದು ಹಾಳೆಯನ್ನು ಮೇಜಿನ ಅಂಚಿನಿಂದ ಹೊರಚಾಚಿ, ಬಾಗಿಬಿಡುತ್ತದೆ. ಅದನ್ನೇ ಕೊಳವೆಯಂತೆ ಸುತ್ತಿ ಚಾಚಿ, ಪೆನ್ನನ್ನೂ ಹೊರುತ್ತದೆ. ತೆಳುಗೋಡೆಯ ಕೊಳವೆಯ ವ್ಯಾಸವನ್ನು ಇಮ್ಮಡಿ ಮಾಡಿದರೆ ತೂಕ ಎರಡು ಪಟ್ಟು, ಬಿಗಿತ ಮಾತ್ರ ಎಂಟು ಪಟ್ಟು. ಹಳೆಯ ಉಕ್ಕಿನ ರೇಸ್ ಸೈಕಲ್ಲುಗಳ ಇಳಿಜಾರು ಕೊಳವೆ 28.6 ಮಿಲಿಮೀಟರ್ ಇರುತ್ತಿತ್ತು. ಅದೇ ದಪ್ಪದ ಗೋಡೆಯಿಟ್ಟು ಅಲ್ಯೂಮಿನಿಯಮಿನಲ್ಲಿ ಅಷ್ಟೇ ಬಿಗಿತ ಬೇಕೆಂದರೆ ವ್ಯಾಸ ಸುಮಾರು 41 ಮಿಲಿಮೀಟರ್ ಆಗಬೇಕು. ತೂಕ ಆಗಲೂ ಉಕ್ಕಿನ ಅರ್ಧದಷ್ಟೇ. ಅಲ್ಯೂಮಿನಿಯಂ ಸೈಕಲ್ಲುಗಳ ಮೈ ದಪ್ಪಗೆ ಊದಿಕೊಂಡಂತೆ ಕಾಣುವುದು ಇದಕ್ಕೇ. ನಿಜವಾಗಿ ಗೋಡೆಯನ್ನೂ ಸ್ವಲ್ಪ ದಪ್ಪ ಮಾಡಬೇಕಾಗುವುದರಿಂದ ಉಳಿತಾಯ ಇಷ್ಟು ಇರುವುದಿಲ್ಲ, ಆದರೆ ದಾರಿ ಇದೇ. ಉಕ್ಕನ್ನೂ ಹಾಗೇ ಅಗಲಿಸಿ ತೆಳುವಾಗಿಸಬಾರದೇ ಎನ್ನುತ್ತೀರಾ? ಗೋಡೆ ತಗಡಿನ ಡಬ್ಬಿಯಷ್ಟು ತೆಳುವಾಗಿ, ಒಂದು ಪೆಟ್ಟಿಗೇ ನೆಗ್ಗಿಹೋಗುತ್ತದೆ.

ಉಕ್ಕಿನವರು ಬೇರೊಂದು ಉಪಾಯ ಕಂಡುಕೊಂಡರು. ಕೊಳವೆಯ ಮೇಲೆ ಹೆಚ್ಚು ಒತ್ತಡ ಬೀಳುವುದು ಬೆಸುಗೆಯ ತುದಿಗಳಲ್ಲಿ, ನಡುವಿನಲ್ಲಿ ಕಡಿಮೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆಯವರು ತುದಿಯಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆಗೆ 1897ರಲ್ಲೇ ಹಕ್ಕುಸ್ವಾಮ್ಯ ಪಡೆದರು. 1935ರಲ್ಲಿ ಅವರು ತಂದ ‘531’ ಎಂಬ ಮಿಶ್ರಲೋಹದ ಕೊಳವೆ ದಶಕಗಳ ಕಾಲ ಸ್ಪರ್ಧೆಗಳನ್ನು ಆಳಿತು. ನಿಮ್ಮ ಮನೆಯ ಸಾಧಾರಣ ಸೈಕಲ್ಲೂ ಉಕ್ಕಿನದೇ, ಅದೂ ಉಕ್ಕಿನದೇ. ಒಂದೇ ಹೆಸರು, ಎರಡರ ನಡುವೆ ಅಜಗಜಾಂತರ.

ಕಾರ್ಬನ್ ಲೋಹವಲ್ಲ. ಇಂಗಾಲದ ಸೂಕ್ಷ್ಮ ಎಳೆಗಳನ್ನು ರಾಳದಲ್ಲಿ ನೆನೆಸಿ, ಪದರಪದರವಾಗಿ ಹಾಸಿ, ಅಚ್ಚಿನಲ್ಲಿ ಬೇಯಿಸಿದ ವಸ್ತು. ಬಿದಿರು ಸೀಳುವವರಿಗೆ ಇದರ ಸ್ವಭಾವ ಬೇಗ ಅರ್ಥವಾಗುತ್ತದೆ: ಎಳೆಯ ಉದ್ದಕ್ಕೆ ಅಪಾರ ಬಲ, ಅಡ್ಡಕ್ಕೆ ಸೀಳು. ಆದ್ದರಿಂದ ಯಾವ ಪದರ ಯಾವ ದಿಕ್ಕಿಗೆ ಎಂಬುದನ್ನು ವಿನ್ಯಾಸಕಾರ ನಿರ್ಧರಿಸುತ್ತಾನೆ. ಪೆಡಲಿನ ಬಳಿ ಬಿಗಿ ಬೇಕೇ, ಸೀಟಿನ ಬಳಿ ಸ್ವಲ್ಪ ಬಳುಕು ಬೇಕೇ, ಎರಡೂ ಸಾಧ್ಯ. ಲೋಹದಲ್ಲಿ ಇಷ್ಟು ಸ್ವಾತಂತ್ರ್ಯವಿಲ್ಲ. 1986ರಲ್ಲಿ ಗ್ರೆಗ್ ಲೆಮಾಂಡ್ ಟೂರ್ ದ ಫ್ರಾನ್ಸ್ ಗೆದ್ದದ್ದು ಕಾರ್ಬನ್ ಚೌಕಟ್ಟಿನ ಮೇಲೆ. ಇಂದು ಆ ಮಟ್ಟದಲ್ಲಿ ಬೇರೆ ವಸ್ತು ಕಾಣುವುದೇ ಅಪರೂಪ. ಸೈಕಲ್ಲುಗಳು ತೀರ ಹಗುರವಾದಾವೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 6.8 ಕಿಲೋಗ್ರಾಂ ಎಂಬ ಕನಿಷ್ಠ ಮಿತಿಯನ್ನು 2000ದಿಂದ ಜಾರಿಗೆ ತಂದಿದೆ.

ಸರಿ, ಹಗುರವಾದರೆ ನಿಮಗೆಷ್ಟು ಲಾಭ? ಉತ್ತಮ ಉಕ್ಕಿನ ಚೌಕಟ್ಟಿಗೂ ಕಾರ್ಬನ್ ಚೌಕಟ್ಟಿಗೂ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಅಂತರ. ಬೆಂಗಳೂರಿನ ಸವಾರರಿಗೆ ಪ್ರಿಯವಾದ ನಂದಿಬೆಟ್ಟವನ್ನೇ ತೆಗೆದುಕೊಳ್ಳಿ. ನೀವು 60 ಕಿಲೋ, ಸೈಕಲ್ 10 ಕಿಲೋ, ಬೆಟ್ಟ ಹತ್ತಲು 40 ನಿಮಿಷ ಎಂದಿಟ್ಟುಕೊಳ್ಳೋಣ. ಏರಿನಲ್ಲಿ ಶ್ರಮದ ಬಹುಪಾಲು ಗುರುತ್ವದ ವಿರುದ್ಧ ಎತ್ತುವುದಕ್ಕೆ. ಎಪ್ಪತ್ತರಲ್ಲಿ ಒಂದು ಕಿಲೋ ಇಳಿದರೆ ಉಳಿಯುವುದು 40 ನಿಮಿಷದ ಎಪ್ಪತ್ತನೇ ಒಂದು ಭಾಗ: ಹೆಚ್ಚೆಂದರೆ 34 ಸೆಕೆಂಡು. ಸ್ಪರ್ಧಿಗೆ ಅದು ಚಿನ್ನ. ಉಳಿದವರಿಗೆ? ನಿಮ್ಮ ಸೈಕಲ್ಲಿಗೆ ಸಿಕ್ಕಿಸಿದ ಒಂದು ಲೀಟರ್ ನೀರೂ ಒಂದೇ ಕಿಲೋ ತೂಗುತ್ತದೆ. ಸಮತಟ್ಟಿನಲ್ಲಿ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮುಖ್ಯ ಶತ್ರು ಗಾಳಿ. ಅಲ್ಲಿ ಈ ಕಿಲೋ ಲೆಕ್ಕಕ್ಕೇ ಬರುವುದಿಲ್ಲ.

‘ಉಕ್ಕು ಮೆತ್ತಗೆ, ಅಲ್ಯೂಮಿನಿಯಂ ಕುಲುಕಿ ಮೈ ನೋಯಿಸುತ್ತದೆ’ ಎಂಬ ಮಾತನ್ನೂ ಕೇಳುತ್ತೀರಿ. ಇದನ್ನು ಅರ್ಧದಷ್ಟು ಮಾತ್ರ ನಂಬಿ. ಚೌಕಟ್ಟು ಎರಡು ತ್ರಿಕೋನಗಳ ಜೋಡಣೆ. ತ್ರಿಕೋನ ಮೇಲುಕೆಳಕ್ಕೆ ಬಳುಕುವುದು ಅತ್ಯಲ್ಪ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಗ್ಗುವುದು ಗಾಳಿ ತುಂಬಿದ ಟಯರು. 23 ಮಿಲಿಮೀಟರ್ ಟಯರಿಗೆ ಚದರಂಗುಲಕ್ಕೆ 100 ಪೌಂಡಿನ ಆಸುಪಾಸು ಗಾಳಿ ತುಂಬಬೇಕು. 32 ಮಿಲಿಮೀಟರಿನದಕ್ಕೆ 60ರ ಸುತ್ತಮುತ್ತ ಸಾಕು. ನಮ್ಮ ಗುಂಡಿಬಿದ್ದ ರಸ್ತೆಗಳಲ್ಲಿ ಈ ವ್ಯತ್ಯಾಸ ಬೆನ್ನಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಚೌಕಟ್ಟಿನ ಬಗ್ಗೆ ನೀವು ಕೇಳಬೇಕಾದ ಇನ್ನೊಂದು ಪ್ರಶ್ನೆ: ಇದರಲ್ಲಿ 28 ಅಥವಾ 32 ಮಿಲಿಮೀಟರ್ ಟಯರು ಹಿಡಿಸುತ್ತದೆಯೇ?

ವಸ್ತುವಿನ ನಿಜವಾದ ಗುಣ ಕಾಣುವುದು ಅದು ಕೆಡುವ ರೀತಿಯಲ್ಲಿ. ಉಕ್ಕಿಗೆ ಒಂದು ಮಿತಿ ಇದೆ; ಆ ಮಿತಿಯೊಳಗಿನ ಒತ್ತಡವನ್ನು ಲಕ್ಷಾಂತರ ಸಲ ಹಾಕಿದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಚಿಕ್ಕ ಒತ್ತಡವೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಹಾಗೆಂದು ಹೆದರಬೇಕಿಲ್ಲ, ಒಳ್ಳೆಯ ತಯಾರಕರು ಇದನ್ನು ಗಮನದಲ್ಲಿಟ್ಟೇ ಗೋಡೆಯ ದಪ್ಪ ನಿರ್ಧರಿಸುತ್ತಾರೆ. ಉಕ್ಕು ಬಾಗಿದರೆ ನೆಟ್ಟಗೆ ಮಾಡಬಹುದು, ಸೀಳಿದರೆ ಬಲ್ಲ ಬೆಸುಗೆಗಾರ ಜೋಡಿಸಬಹುದು. ಅಲ್ಯೂಮಿನಿಯಮಿನ ಬೆಸುಗೆಯ ಸುತ್ತಲಿನ ಭಾಗ ಕಾವಿನಿಂದ ಮೆದುವಾಗುತ್ತದೆ. ಕಾರ್ಖಾನೆಯಲ್ಲಿ ಮತ್ತೆ ಕಾಯಿಸಿ ಹದ ಮಾಡುತ್ತಾರೆ, ಬೀದಿಯ ಬೆಸುಗೆ ಅಂಗಡಿಯಲ್ಲಿ ಅದು ಆಗದ ಕೆಲಸ. ಕಾರ್ಬನ್ನಿನ ತೊಂದರೆ ಇನ್ನೂ ಸೂಕ್ಷ್ಮ. ಹೊರಗೆ ಬಣ್ಣ ಮಾಸದೆ ಒಳಗೆ ಪದರ ಬಿಟ್ಟುಕೊಂಡಿರಬಹುದು, ಆಮೇಲೆ ಒಂದು ದಿನ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಸೀಟಿನ ಬೋಲ್ಟನ್ನು ಬಲ ಹಾಕಿ ತಿರುಗಿಸಿದರೂ ಸಾಕು, ಅದು ಹಾಳಾಗಬಹುದು. ಎಷ್ಟು ಬಿಗಿಯಬೇಕೆಂಬುದು ಸಾಮಾನ್ಯವಾಗಿ ಆ ಭಾಗದ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಅಳೆಯುವ ಪಾನರ್ ಬೇಕೇ ಬೇಕು. ಇನ್ನು ಕರಾವಳಿಯವರಿಗೆ ಒಂದು ಮಾತು: ಉಪ್ಪುಗಾಳಿಗೆ ಉಕ್ಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಕೊಳವೆಯೊಳಗೆ ಎಣ್ಣೆ ಕಾಣಿಸಿ.

ಇನ್ನು ಬಿಡಿಭಾಗಗಳು. ಸಾಮಾನ್ಯ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18. ಪೆಡಲು ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ರೇಸ್ ಸೈಕಲ್ಲಿನಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 28 ಹಲ್ಲಿನವರೆಗೆ ಇದ್ದರೆ, ಒಂದು ಸುತ್ತಿಗೆ ಗರಿಷ್ಠ 9.5 ಮೀಟರ್, ಕನಿಷ್ಠ 2.5 ಮೀಟರ್. ಬೆಟ್ಟದಲ್ಲಿ ನಿಮ್ಮನ್ನು ಕಾಯುವುದು ಆ ಕನಿಷ್ಠವೇ. ಜಪಾನಿನ ಶಿಮಾನೊ ಸಂಸ್ಥೆಯ ಕ್ಲಾರಿಸ್ ಮಾಲಿಕೆಗೆ ಹಿಂದೆ 8 ಹಲ್ಲುಚಕ್ರ, ಸೋರಾಗೆ 9, ಟಿಯಾಗ್ರಾಗೆ 10. ಸಂಖ್ಯೆ ಹೆಚ್ಚಾದರೆ ಬೆಟ್ಟ ಸುಲಭವಾಗುತ್ತದೆಂದು ತಿಳಿಯಬೇಡಿ. ಅತಿ ದೊಡ್ಡದೂ ಅತಿ ಚಿಕ್ಕದೂ ಒಂದೇ ಇದ್ದರೆ ವ್ಯಾಪ್ತಿಯೂ ಒಂದೇ. ನಡುವಿನ ಮೆಟ್ಟಿಲು ಸಣ್ಣದಾಗುತ್ತದೆ, ಅಷ್ಟೆ. ಎಂಟರ ಚೈನು ದಪ್ಪ, ಅಗ್ಗ, ಜಿಲ್ಲಾ ಕೇಂದ್ರದ ಅಂಗಡಿಯಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಮೊದಲ ಸೈಕಲ್ಲಿಗೆ ನಾನು ಅದನ್ನೇ ಆರಿಸುತ್ತೇನೆ.

ಇಲ್ಲಿ ಒಂದು ಚಮತ್ಕಾರವೂ ನಡೆಯುತ್ತದೆ. ಕಣ್ಣಿಗೆ ಬೀಳುವ ಹಿಂದಿನ ಡಿರೇಲರ್ ಮಾತ್ರ ಮೇಲ್ದರ್ಜೆಯದು, ಬ್ರೇಕು, ಚೈನು, ಪೆಡಲಿನ ಬುಡದ ಬೇರಿಂಗು ಯಾವುದೋ ಅಗ್ಗದ್ದು. ಪ್ರತಿಯೊಂದರ ಹೆಸರನ್ನೂ ಬರೆದುಕೊಡಲು ಕೇಳಿ. ಮುಖ್ಯವಾಗಿ ಬ್ರೇಕು. ಬೆಟ್ಟ ಹತ್ತುವಾಗ ತಡವಾದರೆ ಯಾರಿಗೂ ನಷ್ಟವಿಲ್ಲ, ಇಳಿಯುವಾಗ ನಿಲ್ಲದಿದ್ದರೆ ಪ್ರಾಣಕ್ಕೇ ಬರುತ್ತದೆ. ಮಳೆಯಲ್ಲಿ ರಿಮ್ ಹಿಡಿಯುವ ಬ್ರೇಕು ಮೊದಲ ಕೆಲವು ಸುತ್ತುಗಳನ್ನು ನೀರೊರೆಸುವುದರಲ್ಲೇ ಕಳೆಯುತ್ತದೆ. ಮಲೆನಾಡಿನವರು ಡಿಸ್ಕ್ ಬ್ರೇಕಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿಯೇ. ಬಯಲುಸೀಮೆಯವರಿಗೆ ಒಳ್ಳೆಯ ರಿಮ್ ಬ್ರೇಕು ಸಾಕು.

ಅಳತೆ ಹೊಂದದ ಸೈಕಲ್ ಯಾವ ವಸ್ತುವಿನದಾದರೂ ವ್ಯರ್ಥ. ಬರಿಗಾಲಲ್ಲಿ ಗೋಡೆಗೊರಗಿ ನಿಂತು, ಒಂದು ಪುಸ್ತಕವನ್ನು ತೊಡೆಸಂದಿಗೆ ಸೀಟಿನಂತೆ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ಬುಡದ ಬೇರಿಂಗಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. 80 ಸೆಂಟಿಮೀಟರ್ ಕಾಲಿಗೆ ಸುಮಾರು 70.6. ಇದು ಆರಂಭದ ಅಂದಾಜು. ಸೀಟನ್ನು ಏರಿಸಿ ಇಳಿಸಬಹುದು, ಚೌಕಟ್ಟಿನ ಉದ್ದವನ್ನು ಎಳೆಯಲಾಗದು. ಆದ್ದರಿಂದ ಹತ್ತು ನಿಮಿಷವಾದರೂ ಓಡಿಸಿ ನೋಡದೆ ಹಣ ಕೊಡಬೇಡಿ.

ಹಳೆಯದನ್ನು ಕೊಳ್ಳುವುದಾದರೆ, ನನ್ನ ಮಟ್ಟಿಗೆ ಉಕ್ಕು ಅಥವಾ ಅಲ್ಯೂಮಿನಿಯಮೇ ಸರಿ; ಬಿದ್ದ ಇತಿಹಾಸ ಗೊತ್ತಿಲ್ಲದ ಕಾರ್ಬನ್ ಬೇಡ. ಕೊಳವೆಗಳು ಸೇರುವಲ್ಲಿ, ಅದರಲ್ಲೂ ಹ್ಯಾಂಡಲ್ಲಿನ ಕೆಳಗೆ, ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ಬಳಿಕ ಅಂಗುಲದ ಅಡಿಪಟ್ಟಿಯನ್ನು ಚೈನಿನ ಮೇಲಿಡಿ. ಒಂದು ಕಡ್ಡಿಯ ನಡುವನ್ನು ಸೊನ್ನೆಗೆ ಹಿಡಿದರೆ ಹೊಸ ಚೈನಿನಲ್ಲಿ ಸರಿಯಾಗಿ 12ನೇ ಅಂಗುಲಕ್ಕೆ ಇನ್ನೊಂದು ಕಡ್ಡಿ ಬರುತ್ತದೆ. ಅದು ಹದಿನಾರನೇ ಒಂದು ಅಂಗುಲ ಮುಂದಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಅಂಗುಲವಾಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ. ಅವೆರಡರ ಬೆಲೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗಿ, ಮಾರುವವರು ಹೇಳಿದ ಬೆಲೆಯಿಂದ ಕಳೆದು ಚೌಕಾಸಿ ಮಾಡಿ.